ಮಸುಕು ನೀಹಾರಿಕೆಗೆ ದೊಡ್ಡ ದೂರದರ್ಶಕ ಬೇಕಾ?

ಪ್ರಶ್ನೆ: ನನ್ನ ಬಳಿ ಎಪಿಎಸ್-ಸಿ ಸೆನ್ಸರ್ ಇರುವ ಮಾಮೂಲಿ ಡಿಎಸ್‌ಎಲ್‌ಆರ್, 135 ಮಿ.ಮೀ. ಲೆನ್ಸ್ ಮತ್ತು ಒಂದು ಸಣ್ಣ ಸ್ಟಾರ್ ಟ್ರ್ಯಾಕರ್ (ನಕ್ಷತ್ರಗಳ ಚಲನೆಯ ಜೊತೆಗೇ ಕ್ಯಾಮೆರಾ ತಿರುಗಿಸುವ ಸಾಧನ) ಇವೆ. ಜೂನ್ ತಿಂಗಳಲ್ಲಿ ಮನೆಯ ಮಹಡಿಯಿಂದ ನಾರ್ತ್ ಅಮೆರಿಕ ನೀಹಾರಿಕೆಯ ಫೋಟೋ ತೆಗೆದೆ. ಎಫ್/2.8, ಐಎಸ್‌ಒ 6400, 30 ಸೆಕೆಂಡಿನ 60 ಫ್ರೇಮ್. ಊರಿನ ದೀಪಗಳಿಂದ ನಮ್ಮಲ್ಲಿ ಆಕಾಶ ರಾತ್ರಿಯಿಡೀ ಬೂದು ಬಣ್ಣಕ್ಕಿರುತ್ತದೆ. ಆ ಫ್ರೇಮ್‌ಗಳನ್ನು ಸ್ಟ್ಯಾಕ್ ಮಾಡಿದ ಮೇಲೆ, ಅಂದರೆ ಒಂದರ ಮೇಲೊಂದು ಸೇರಿಸಿದ ಮೇಲೆ ಸಿಕ್ಕಿದ್ದು ಕಂದು ಹಿನ್ನೆಲೆ, ರಾಶಿ ನಕ್ಷತ್ರ, ನಡುವೆ ಇದೆಯೋ ಇಲ್ಲವೋ ಅನ್ನುವಂಥ ಒಂದು ಕೆಂಪು ಕಲೆ. 8 ಇಂಚಿನ ದೂರದರ್ಶಕ ಕೊಂಡರೆ ಸರಿಹೋಗುತ್ತದೆಯೇ? ಅಥವಾ ಒಂದು ಫಿಲ್ಟರ್ ಸಾಕೇ? ಬೇರೆಯವರ ಫೋಟೋಗಳಲ್ಲಿ ಕಾಣುವ ಆ ಬಣ್ಣಗಳಾದರೂ ನಿಜವೇ?

ಉತ್ತರ: ಆ ಕೆಂಪು ಕಲೆ ನಿಮ್ಮ ಭ್ರಮೆಯಲ್ಲ, ನೀಹಾರಿಕೆಯೇ. ಊರ ಬೆಳಕಿನಲ್ಲಿ, ಮಾಮೂಲಿ ಕ್ಯಾಮೆರಾದಲ್ಲಿ, ಬರೀ ಅರ್ಧ ಗಂಟೆಯಲ್ಲಿ ಅಷ್ಟು ಸಿಕ್ಕಿದೆ ಅಂದರೆ ನಿಮ್ಮ ಫೋಕಸ್ ಮತ್ತು ಟ್ರ್ಯಾಕಿಂಗ್ ಎರಡೂ ಚೆನ್ನಾಗಿಯೇ ಇವೆ. ದೂರದರ್ಶಕ ಸದ್ಯಕ್ಕೆ ಬೇಡ. ಈ ಕೆಲಸದಲ್ಲಿ ಅದರಿಂದ ನಷ್ಟವೇ ಜಾಸ್ತಿ.

ಯಾಕೆ ಅಂತ ಹೇಳುತ್ತೇನೆ. ನಾರ್ತ್ ಅಮೆರಿಕ ನೀಹಾರಿಕೆ, ಅಂದರೆ ಎನ್‌ಜಿಸಿ 7000, ರಾಜಹಂಸ (ಸಿಗ್ನಸ್) ನಕ್ಷತ್ರಪುಂಜದಲ್ಲಿ ಸುಮಾರು 2 ಡಿಗ್ರಿ ಹರಡಿಕೊಂಡಿದೆ. ನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ. ಅದೇ ಪುಂಜದ ವೇಲ್ ನೀಹಾರಿಕೆಯ ಪೂರ್ತಿ ಬಳೆ ಇನ್ನೂ ದೊಡ್ಡದು, ಸುಮಾರು 3 ಡಿಗ್ರಿ. 8 ಇಂಚಿನ ದೂರದರ್ಶಕಗಳಲ್ಲಿ ಜನ ಜಾಸ್ತಿ ಕೊಳ್ಳುವ ಒಂದು ಬಗೆ ಎಫ್/10ರದ್ದು. ಅದರ ಫೋಕಲ್ ಲೆಂತ್ 2000 ಮಿ.ಮೀ. ದಾಟುತ್ತದೆ. ನಿಮ್ಮ ಸೆನ್ಸರ್ ಅದರ ಹಿಂದೆ ಕೂತರೆ ಕಾಣುವುದು ಮುಕ್ಕಾಲು ಡಿಗ್ರಿಗಿಂತ ಕಡಿಮೆ ಆಕಾಶ. ನೀಹಾರಿಕೆ ಅದರಲ್ಲಿ ಹಿಡಿಸುವುದೇ ಇಲ್ಲ. ಕೆಂಪು ಮಂಜಿನ ಒಂದು ತುಂಡು ಸಿಗಬಹುದು, ಅಷ್ಟೇ.

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಹರಡಿಕೊಂಡ ವಸ್ತುವಿನ ವಿಷಯದಲ್ಲಿ ಒಂದು ಪಿಕ್ಸೆಲ್‌ಗೆ ಎಷ್ಟು ಬೆಳಕು ಬೀಳುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಎಫ್ ಸಂಖ್ಯೆ (ಫೋಕಲ್ ಲೆಂತ್ ಅನ್ನು ಬಾಯಿಯ ಅಗಲದಿಂದ ಭಾಗಿಸಿದರೆ ಸಿಗುವುದು), ಕೊಳವೆಯ ಗಾತ್ರ ಅಲ್ಲ. ದೊಡ್ಡ ಕೊಳವೆ ಹೆಚ್ಚು ಬೆಳಕು ಹಿಡಿಯುತ್ತದೆ, ನಿಜ. ಆದರೆ ಹಿಡಿದ ಬೆಳಕನ್ನು ದೊಡ್ಡ ಚಿತ್ರವಾಗಿ ತೆಳ್ಳಗೆ ಬಳಿಯುತ್ತದೆ. ಎಫ್/2.8ರ ಎದುರು ಎಫ್/10 ಇಟ್ಟರೆ ಪಿಕ್ಸೆಲ್‌ಗೆ ಬೀಳುವ ನೀಹಾರಿಕೆಯ ಬೆಳಕು ಸುಮಾರು 13 ಪಟ್ಟು ಕಡಿಮೆ. ನಿಮ್ಮ ಅರ್ಧ ಗಂಟೆಯ ಬೆಳಕನ್ನು ತುಂಬಿಸಲು ಅದಕ್ಕೆ ಆರು ಗಂಟೆಗೂ ಮೇಲೆ ಬೇಕು. ಲೈರಾ ನಕ್ಷತ್ರಪುಂಜದ ರಿಂಗ್ ನೀಹಾರಿಕೆಯಂಥ ಪುಟಾಣಿ ವಸ್ತುವಿಗೆ ಉದ್ದ ಕೊಳವೆ ಬೇಕೇ ಬೇಕು, ಅದು ಬೇರೆ ಮಾತು. ನಿಮಗೆ ಬೇಕಿರುವ ದೊಡ್ಡ, ಮಸುಕು ನೀಹಾರಿಕೆಗಳಿಗೆ ಈಗ ಕೈಯಲ್ಲಿರುವ 135 ಮಿ.ಮೀ. ಲೆನ್ಸ್ ಬಹಳ ಒಳ್ಳೆಯ ಸಾಮಾನು. ನನ್ನ ಹತ್ತಿರ ದೂರದರ್ಶಕ ಇದ್ದೂ ಬೇಸಿಗೆಯ ಆಕಾಶಗಂಗೆಗೆ ಹೊರಟಾಗ ಬ್ಯಾಗಿಗೆ ಹಾಕಿಕೊಳ್ಳುವುದು ಇಂಥದೇ ಲೆನ್ಸ್.

ಹಾಗಾದರೆ ಕೊರತೆ ಎಲ್ಲಿ? ಎರಡು ಕಡೆ. ಆಕಾಶ ಬೆಳ್ಳಗಿದೆ, ಸಮಯ ಕಡಿಮೆಯಾಗಿದೆ. ಇದನ್ನು ಲೆಕ್ಕ ಹಾಕಿ ನೋಡಿದರೆ ಸರಿಯಾಗಿ ಮನಸ್ಸಿಗಿಳಿಯುತ್ತದೆ.

ಮಳೆಯಲ್ಲಿ ಎರಡು ಬಟ್ಟಲು ಅಕ್ಕಪಕ್ಕ ಇಟ್ಟರೆ ಎರಡಕ್ಕೂ ಬೀಳುವ ಹನಿಗಳ ಲೆಕ್ಕ ಒಂದೇ ಇರುವುದಿಲ್ಲ. ಬೆಳಕೂ ಹಾಗೆಯೇ, ಹನಿ ಹನಿಯಾಗಿ ಬರುತ್ತದೆ. ಸರಾಸರಿ 500 ಹನಿ ಬೀಳುವ ಕಡೆ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ ಸುಮಾರು 22. ಈಗ ಹೀಗೆ ಅಂದುಕೊಳ್ಳಿ. ನಿಮ್ಮ ಮಹಡಿಯಲ್ಲಿ 30 ಸೆಕೆಂಡಿಗೆ ಒಂದು ಪಿಕ್ಸೆಲ್‌ಗೆ ಆಕಾಶದ ಹೊಳಪಿನಿಂದ 500 ಎಲೆಕ್ಟ್ರಾನ್ (ಬೆಳಕಿನ ಹನಿ ಬಿದ್ದಾಗ ಸೆನ್ಸರ್‌ನಲ್ಲಿ ಹುಟ್ಟುವಂಥವು), ನೀಹಾರಿಕೆಯಿಂದ 5 ಬರುತ್ತವೆ. ಹುಡುಕುತ್ತಿರುವ ಸಿಗ್ನಲ್ 5, ಏರುಪೇರಿನ ಗದ್ದಲ 22. ಒಂದು ಫ್ರೇಮ್‌ನಲ್ಲಿ ಕಾಣುವ ಮಾತೇ ಇಲ್ಲ. 60 ಫ್ರೇಮ್ ಸೇರಿಸಿದರೆ ಪರಿಸ್ಥಿತಿ 60ರ ವರ್ಗಮೂಲದಷ್ಟು, ಅಂದರೆ ಸುಮಾರು 8 ಪಟ್ಟು ಸುಧಾರಿಸುತ್ತದೆ. ಆಗ ಸಿಗ್ನಲ್ ಗದ್ದಲದ 1.7 ಪಟ್ಟು. ಇದೆಯೋ ಇಲ್ಲವೋ ಅಂದಿರಲ್ಲ, ಅದು ಇದೇ ಸಂಖ್ಯೆ. 600 ಫ್ರೇಮ್, ಅಂದರೆ 5 ಗಂಟೆ ಕೊಟ್ಟರೆ 5 ಪಟ್ಟು ದಾಟುತ್ತದೆ. ಆಗ ಆಕಾರ ಸ್ಪಷ್ಟವಾಗುತ್ತದೆ.

ಈಗ ಅದೇ ಕ್ಯಾಮೆರಾ ಎತ್ತಿಕೊಂಡು ಕತ್ತಲೆಯ ಜಾಗಕ್ಕೆ ಹೋಗಿ. ಊರ ನಡುವಿನ ಆಕಾಶಕ್ಕೂ ಚೆನ್ನಾದ ಹಳ್ಳಿಗಾಡಿನ ಆಕಾಶಕ್ಕೂ ಹೊಳಪಿನಲ್ಲಿ 3 ಮ್ಯಾಗ್ನಿಟ್ಯೂಡ್ (ಆಕಾಶದ ಹೊಳಪು ಅಳೆಯುವ ಮಾನ) ವ್ಯತ್ಯಾಸ ಇರುವುದು ಸಾಮಾನ್ಯ. ಮೂರು ಅಂದರೆ ಸಣ್ಣದಾಗಿ ಕೇಳಿಸುತ್ತದೆ, ಆದರೆ ಲೆಕ್ಕದಲ್ಲಿ ಅದು ಸುಮಾರು 16 ಪಟ್ಟು. ಆಕಾಶದ 500 ಎಲೆಕ್ಟ್ರಾನ್ 30ಕ್ಕೆ ಇಳಿಯುತ್ತದೆ. ನೀಹಾರಿಕೆಯ 5 ಹಾಗೆಯೇ ಉಳಿಯುತ್ತದೆ. ಗದ್ದಲ 6ಕ್ಕೆ ಬಂದು ನಿಲ್ಲುತ್ತದೆ. ಅದೇ 60 ಫ್ರೇಮ್‌ಗೆ ಸಿಗ್ನಲ್ ಗದ್ದಲದ 6 ಪಟ್ಟು! ಕತ್ತಲೆಯಲ್ಲಿ ಅರ್ಧ ಗಂಟೆ ಮಹಡಿಯ ಐದು ಗಂಟೆಯನ್ನು ಮೀರಿಸುತ್ತದೆ. ಕ್ಯಾಮೆರಾದ ಸ್ವಂತ ಗದ್ದಲವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿದರೂ ಕತೆ ಅಷ್ಟೇನೂ ಬದಲಾಗುವುದಿಲ್ಲ.

ಹಾಗಾಗಿ ದೂರದರ್ಶಕಕ್ಕೆ ಎತ್ತಿಟ್ಟ ಹಣದಲ್ಲಿ ಕಾಲು ಭಾಗವನ್ನು ಓಡಾಟಕ್ಕೆ ಖರ್ಚು ಮಾಡಿ. ಕಾಡಿನ ನಡುವೆಯೇ ಹೋಗಬೇಕು ಅಂತೇನಿಲ್ಲ. ಊರಿನ ದೀಪಗಳ ಗುಮ್ಮಟ ಒಂದು ದಿಕ್ಕಿಗೆ ಮಾತ್ರ ಇದ್ದು, ನಿಮ್ಮ ನೀಹಾರಿಕೆ ಅದರ ಎದುರು ದಿಕ್ಕಿನಲ್ಲೋ ನೆತ್ತಿಯ ಹತ್ತಿರವೋ ಇದ್ದರೆ ಸಾಕು. ಆಕಾಶಗಂಗೆ ಬರಿಗಣ್ಣಿಗೆ ಕಂಡು, ಅದರ ನಡುವೆ ರಾಜಹಂಸದ ಹತ್ತಿರ ಕಪ್ಪು ಸೀಳು ಕಾಣುವಂತಿದ್ದರೆ ಆ ಜಾಗ ಒಳ್ಳೆಯದು ಅಂತ ಲೆಕ್ಕ. ಹೋಗಲಾಗದಿದ್ದರೆ? ಮಹಡಿಯಲ್ಲೇ ಹತ್ತು ರಾತ್ರಿ ಕೂಡಿಸಿ. ಒಂದೇ ರಾತ್ರಿ ಮುಗಿಸಬೇಕು ಅಂತ ಯಾರೂ ಹೇಳಿಲ್ಲ. ಬೇರೆ ಬೇರೆ ರಾತ್ರಿಯ, ಬೇರೆ ಬೇರೆ ವರ್ಷದ ಫ್ರೇಮ್‌ಗಳೂ ಒಟ್ಟಿಗೆ ಸ್ಟ್ಯಾಕ್ ಆಗುತ್ತವೆ.

ಸಮಯದ ಬಗ್ಗೆ ಒಂದು ಹಳೆಯ ಕತೆ ಇದೆ. ನೀಹಾರಿಕೆಯೊಂದರ ಮೊದಲ ಫೋಟೋ ತೆಗೆದವರು ಹೆನ್ರಿ ಡ್ರೇಪರ್. 1880ರ ಸೆಪ್ಟೆಂಬರ್ 30ರಂದು, ಓರಾಯನ್ ನೀಹಾರಿಕೆಯದು. ಎಕ್ಸ್‌ಪೋಷರ್ 51 ನಿಮಿಷ. ಬರಿಗಣ್ಣಿಗೆ ಕಾಣುವ ನೀಹಾರಿಕೆಗೆ ಅವರು 51 ನಿಮಿಷ ಕೊಟ್ಟರು. ನೀವು ಅದಕ್ಕಿಂತ ಎಷ್ಟೋ ಮಸುಕಾದದ್ದಕ್ಕೆ 30 ನಿಮಿಷ ಕೊಟ್ಟಿದ್ದೀರಿ! ಆ ಕಾಲದ ಗಾಜಿನ ಪ್ಲೇಟಿಗಿಂತ ಇಂದಿನ ಸೆನ್ಸರ್ ಎಷ್ಟೋ ಚುರುಕು, ಒಪ್ಪುತ್ತೇನೆ. ಎನ್‌ಜಿಸಿ 7000ದ ಕತೆಯೂ ಇಂಥದೇ. ವಿಲಿಯಂ ಹರ್ಷೆಲ್ 1786ರಲ್ಲೇ ಅದನ್ನು ಗುರುತಿಸಿದ್ದರು. ಆದರೆ ಅದು ಖಂಡದ ಆಕಾರದಲ್ಲಿದೆ ಅಂತ ಗೊತ್ತಾಗಿದ್ದು ನೂರು ವರ್ಷದ ಮೇಲೆ, 1890ರಲ್ಲಿ ಮ್ಯಾಕ್ಸ್ ವುಲ್ಫ್ ಉದ್ದ ಎಕ್ಸ್‌ಪೋಷರ್‌ನ ಫೋಟೋ ತೆಗೆದಾಗ. ಹರ್ಷೆಲ್ ಅವರಂಥ ಕಣ್ಣಿಗೂ ತಪ್ಪಿಸಿಕೊಂಡಿದ್ದ ಆಕಾರ ಅದು.

ಇನ್ನು ಯಾವಾಗ ತೆಗೆಯಬೇಕು ಅನ್ನುವ ವಿಚಾರ. ಬೇಸಿಗೆಯ ಆಕಾಶ ಅಂತ ಖಗೋಳದವರು ಹೇಳುವುದು ಉತ್ತರಾರ್ಧಗೋಳದ ಜೂನ್‌ನಿಂದ ಆಗಸ್ಟ್‌ವರೆಗಿನ ಸಂಜೆ-ರಾತ್ರಿಯ ಆಕಾಶವನ್ನು. ಧನು ರಾಶಿಯ ಲಗೂನ್ ನೀಹಾರಿಕೆ ಜೂನ್ ಕೊನೆಯಲ್ಲಿ ನಡುರಾತ್ರಿಗೆ ಅತಿ ಎತ್ತರದಲ್ಲಿರುತ್ತದೆ. ನಿಮ್ಮ ನಾರ್ತ್ ಅಮೆರಿಕ ಆ ಸ್ಥಾನಕ್ಕೆ ಬರುವುದು ಆಗಸ್ಟ್ ಮೊದಲ ವಾರದಲ್ಲಿ. ನಿದ್ದೆಗೆಡಲು ತಯಾರಿದ್ದರೆ ಏಪ್ರಿಲ್ ಕೊನೆಗೇ ನಡುರಾತ್ರಿ ದಾಟಿದ ಮೇಲೆ ಪೂರ್ವದಲ್ಲಿ ಸಿಗುತ್ತದೆ. ಜೂನ್‌ನಲ್ಲಿ ಸಂಜೆ ಕತ್ತಲಾದ ಕೂಡಲೇ ಶುರು ಮಾಡಿದ್ದರೆ ಅದಿನ್ನೂ ದಿಗಂತದ ಹತ್ತಿರ ಇದ್ದಿರಬೇಕು. 30 ಡಿಗ್ರಿ ಎತ್ತರದಲ್ಲಿ ನೀವು ನೋಡುವ ಗಾಳಿಯ ಪದರ ನೆತ್ತಿಯದಕ್ಕಿಂತ ಎರಡು ಪಟ್ಟು ದಪ್ಪ. ಊರಿನ ಬೆಳಕೆಲ್ಲ ಅಲ್ಲೇ ಕೂತಿರುತ್ತದೆ. 40 ಡಿಗ್ರಿ ದಾಟುವವರೆಗೆ ಸುಮ್ನೆ ಕಾಯಿರಿ. ಇನ್ನೊಂದು ಮಾತು, 48.5 ಡಿಗ್ರಿಗಿಂತ ಉತ್ತರದ ಅಕ್ಷಾಂಶಗಳಲ್ಲಿ ಜೂನ್ 21ರ ಆಸುಪಾಸು ಪೂರ್ತಿ ಕತ್ತಲೆ ಆಗುವುದೇ ಇಲ್ಲ. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿಯುವುದಿಲ್ಲ. ಅಲ್ಲಿಯವರು ಆಗಸ್ಟ್‌ಗೆ ಕಾಯಬೇಕು.

ಚಂದ್ರ ಇರುವ ರಾತ್ರಿ ಫಿಲ್ಟರ್ ಇಲ್ಲದೆ ಈ ಕೆಲಸಕ್ಕೆ ಹೋಗಬೇಡಿ. ಅದರ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ.

ನಿಮ್ಮ ಕ್ಯಾಮೆರಾ ಬಗ್ಗೆ ಹೇಳಬೇಕಾದ್ದು ಇದೆ. ಎನ್‌ಜಿಸಿ 7000ದ ಬೆಳಕಿನಲ್ಲಿ ಮುಖ್ಯ ಪಾಲು ಹೈಡ್ರೋಜನ್-ಆಲ್ಫಾದ್ದು. ಅದು 656.3 ನ್ಯಾನೋಮೀಟರ್‌ನ ಕಡು ಕೆಂಪು. ಮಾಮೂಲಿ ಕ್ಯಾಮೆರಾಗಳಲ್ಲಿ ಮನುಷ್ಯರ ಮೈಬಣ್ಣ ಸರಿಯಾಗಿ ಬರಲಿ ಅಂತ ಸೆನ್ಸರ್ ಮುಂದೆ ಒಂದು ಗಾಜು ಇಟ್ಟಿರುತ್ತಾರೆ. ಅದು ಈ ಕೆಂಪನ್ನು ಬಹುಪಾಲು ತಡೆದುಬಿಡುತ್ತದೆ. ಎಷ್ಟೋ ಕ್ಯಾಮೆರಾಗಳಲ್ಲಿ ಒಳಗೆ ಬರುವುದು ಕಾಲು ಭಾಗದಷ್ಟೇ. ಸಾಲದ್ದಕ್ಕೆ ಸೆನ್ಸರ್‌ನ ನಾಲ್ಕು ಪಿಕ್ಸೆಲ್‌ಗಳಲ್ಲಿ ಒಂದು ಮಾತ್ರ ಕೆಂಪಿನದು. ಇದಕ್ಕೇ ಜನ ಆ ಗಾಜನ್ನು ತೆಗೆಸಿ ಕ್ಯಾಮೆರಾ ಮಾಡಿಫೈ ಮಾಡಿಸುವುದು. ಕ್ಯಾನನ್ ಈ ಕೆಲಸಕ್ಕೆಂದೇ 2012ರಲ್ಲಿ 60ಡಿಎ ತಂದಿತ್ತು, ನಿಕಾನ್ 2015ರಲ್ಲಿ ಡಿ810ಎ ತಂದಿತ್ತು. ನಿಮ್ಮ ಕೈಯಲ್ಲಿ ಖರ್ಚು ಮಾಡಲೇಬೇಕಾದ ಹಣ ಇದ್ದರೆ ಮೊದಲು ಇದಕ್ಕೆ ಹಾಕಿ ಅನ್ನುತ್ತೇನೆ. ಹಳೆಯ ಕ್ಯಾಮೆರಾ ಒಂದನ್ನು ಮಾಡಿಫೈ ಮಾಡಿಸಿ ಆಕಾಶಕ್ಕೆಂದೇ ಇಟ್ಟುಕೊಳ್ಳುವುದು ಜಾಣತನ. ಹಗಲಿನ ಫೋಟೋಗೆ ಅದು ಅಷ್ಟು ಚೆನ್ನಾಗಿರುವುದಿಲ್ಲ, ಎಲ್ಲದಕ್ಕೂ ಕೆಂಪು ಬಳಿಯುತ್ತದೆ.

ಮಾಡಿಫೈ ಮಾಡಿಸುವವರೆಗೆ ಗುರಿ ಬದಲಿಸಬಹುದು. ನೀವು ಮಾಮೂಲಿ ಕ್ಯಾಮೆರಾಗೆ ಅತಿ ಕಷ್ಟದ ಪೈಕಿ ಒಂದನ್ನು ಆರಿಸಿಕೊಂಡಿದ್ದೀರಿ. ವೇಲ್ ನೀಹಾರಿಕೆ ಹಾಗಲ್ಲ. ಅದು ಸಾವಿರಾರು ವರ್ಷ ಹಿಂದೆ ಸಿಡಿದ ನಕ್ಷತ್ರದ ಚೂರು. ಅದರ ಎಳೆಗಳಲ್ಲಿ ಆಕ್ಸಿಜನ್‌ನ ಹಸಿರು-ನೀಲಿ ಬೆಳಕು ಬಲವಾಗಿದೆ, 500.7 ನ್ಯಾನೋಮೀಟರ್‌ನದು. ಅದನ್ನು ನಿಮ್ಮ ಕ್ಯಾಮೆರಾದ ಗಾಜು ತಡೆಯುವುದಿಲ್ಲ. ಹುಡುಕುವುದೂ ಸುಲಭ. 52 ಸಿಗ್ನಿ ಅನ್ನುವ ನಕ್ಷತ್ರ ಕತ್ತಲೆಯಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಪಶ್ಚಿಮದ ಎಳೆ ಅದರ ಮೈ ಸವರಿಕೊಂಡೇ ಹೋಗುತ್ತದೆ. ಧನುವಿನ ಲಗೂನ್ ಇನ್ನೂ ಸಲೀಸು, ಮಾಮೂಲಿ ಕ್ಯಾಮೆರಾದಲ್ಲೂ ಗುಲಾಬಿಯಾಗಿ ಎದ್ದು ಬರುತ್ತದೆ. ಆದರೆ ಅದು ಖಗೋಳದ ದಕ್ಷಿಣ ಭಾಗದಲ್ಲಿ, ವಿಷುವದ್ವೃತ್ತದಿಂದ 24 ಡಿಗ್ರಿ ಕೆಳಗೆ ಇದೆ. 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ನಿಂತವರಿಗೆ ಅದು 51 ಡಿಗ್ರಿ ಎತ್ತರಕ್ಕೆ ಏರುತ್ತದೆ, 50 ಡಿಗ್ರಿಯಲ್ಲಿ ನಿಂತವರಿಗೆ ಬರೀ 16.

ಫಿಲ್ಟರ್ ಸಾಕೇ ಅಂತ ಕೇಳಿದ್ದೀರಿ. ಯಾವ ಫಿಲ್ಟರ್ ಅನ್ನುವುದರ ಮೇಲೆ ಹೋಗುತ್ತದೆ. ಬೆಳಕಿನ ಮಾಲಿನ್ಯ ತಡೆಯುತ್ತದೆ ಅಂತ ಮಾರುವ ಹಳೆಯ ಬಗೆಯವು ಸೋಡಿಯಂ ದೀಪಗಳ ಕಾಲದವು. ಆ ದೀಪಗಳ ಹಳದಿ ಬೆಳಕು 589 ನ್ಯಾನೋಮೀಟರ್ ಆಸುಪಾಸಿನಲ್ಲಿ ಗುಂಪಾಗಿತ್ತು, ಕತ್ತರಿಸಿ ಹಾಕುವುದು ಸುಲಭವಿತ್ತು. ಈಗಿನ ಎಲ್‌ಇಡಿ ಎಲ್ಲ ಬಣ್ಣದಲ್ಲೂ ಬೆಳಕು ಚೆಲ್ಲುತ್ತದೆ. ಯಾವುದನ್ನು ಕತ್ತರಿಸುತ್ತೀರಿ? ಕೆಲಸಕ್ಕೆ ಬರುವುದು ಡ್ಯುಯಲ್-ಬ್ಯಾಂಡ್ ಫಿಲ್ಟರ್. ಹೈಡ್ರೋಜನ್-ಆಲ್ಫಾ ಮತ್ತು ಆಕ್ಸಿಜನ್‌ನ ಎರಡು ಸಣ್ಣ ಕಿಂಡಿ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚುತ್ತದೆ. ಕೆಂಪು ಪಿಕ್ಸೆಲ್ ಸುಮಾರು 100 ನ್ಯಾನೋಮೀಟರ್ ಅಗಲದ ಬೆಳಕು ತಿನ್ನುತ್ತದೆ ಅಂದುಕೊಂಡರೆ, 7 ನ್ಯಾನೋಮೀಟರ್‌ನ ಕಿಂಡಿ ಆಕಾಶದ ಹೊಳಪನ್ನು ಹದಿನಾಲ್ಕನೇ ಒಂದು ಭಾಗಕ್ಕೆ ಇಳಿಸುತ್ತದೆ. ಮೇಲಿನ ಲೆಕ್ಕದ 16 ಪಟ್ಟು ನೆನಪಿದೆಯಲ್ವಾ? ಹತ್ತಿರ ಹತ್ತಿರ ಮಹಡಿಗೇ ಹಳ್ಳಿಯ ಕತ್ತಲೆ ಬಂದಂತೆ.

ಆದರೆ ಷರತ್ತುಗಳಿವೆ. ಮಾಡಿಫೈ ಆಗದ ಕ್ಯಾಮೆರಾದಲ್ಲಿ ಇದರ ಲಾಭ ಅರ್ಧಕ್ಕರ್ಧ ಹೋಗುತ್ತದೆ, ಯಾಕೆಂದರೆ ಕಿಂಡಿ ಬಿಟ್ಟ ಕೆಂಪನ್ನು ಒಳಗಿನ ಗಾಜು ಮತ್ತೆ ತಡೆಯುತ್ತದೆ. ಎಫ್/2ರಂಥ ವೇಗದ (ಬಾಯಿ ಅಗಲವಾದ) ಲೆನ್ಸ್‌ನ ಹಿಂದೆ ಈ ಫಿಲ್ಟರ್ ಹಾಕಿದರೆ ಓರೆಯಾಗಿ ಬರುವ ಕಿರಣಗಳಿಗೆ ಕಿಂಡಿಯೇ ನೀಲಿಯ ಕಡೆಗೆ ಸರಿಯುತ್ತದೆ. ಬೇಕಾದ ಬೆಳಕು ಹೊರಗೆ ಉಳಿಯಬಹುದು. ಮತ್ತೆ ಇದು ತಾನೇ ಬೆಳಗುವ ಅನಿಲಕ್ಕೆ ಮಾತ್ರ. ನಕ್ಷತ್ರದ ಬೆಳಕನ್ನು ಪ್ರತಿಫಲಿಸುವ ಐರಿಸ್‌ನಂಥ ಧೂಳಿನ ನೀಹಾರಿಕೆಗಳಿಗೆ, ಕಪ್ಪು ನೀಹಾರಿಕೆಗಳಿಗೆ ಯಾವ ಫಿಲ್ಟರೂ ಸಹಾಯ ಮಾಡುವುದಿಲ್ಲ. ಅವಕ್ಕೆ ಕತ್ತಲೆಯೊಂದೇ ಮದ್ದು.

ಈ ಎರಡೂ, ಅಂದರೆ ಕಿಂಡಿ ಮತ್ತು ಸಮಯ ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಸ್ಕ್ವಿಡ್ ನೀಹಾರಿಕೆ ಸಾಕ್ಷಿ. ಸೆಫಿಯಸ್ ನಕ್ಷತ್ರಪುಂಜದಲ್ಲಿರುವ ಅದು ಎರಡು ಹುಣ್ಣಿಮೆ ಚಂದ್ರರ ಉದ್ದಕ್ಕಿಂತ ದೊಡ್ಡದು. ಆದರೂ 2011ರವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಫ್ರಾನ್ಸ್‌ನ ಹವ್ಯಾಸಿ ನಿಕೋಲಾ ಔಟರ್ಸ್ ಆಕ್ಸಿಜನ್ ಫಿಲ್ಟರ್ ಹಾಕಿ ಉದ್ದ ಎಕ್ಸ್‌ಪೋಷರ್‌ಗಳಲ್ಲಿ ಅದನ್ನು ಹಿಡಿದರು. ಮೊದಲ ವರ್ಷವೇ ಅದಕ್ಕೆ ಕೈ ಹಾಕಬೇಡಿ!

ಇನ್ನು ಸೆಟ್ಟಿಂಗ್. ಐಎಸ್‌ಒ 6400 ಬಿಡಿ. ಐಎಸ್‌ಒ ಏರಿಸಿದರೆ ಕ್ಯಾಮೆರಾ ಒಂದು ಫೋಟಾನೂ ಜಾಸ್ತಿ ಹಿಡಿಯುವುದಿಲ್ಲ, ನಕ್ಷತ್ರಗಳು ಮಾತ್ರ ಬೇಗ ಸುಟ್ಟು ಬೆಳ್ಳಗಾಗುತ್ತವೆ. ಬಹುತೇಕ ಡಿಎಸ್‌ಎಲ್‌ಆರ್‌ಗಳಿಗೆ 800 ಅಥವಾ 1600 ಸರಿ. ಒಂದು ಫ್ರೇಮ್ ಎಷ್ಟು ಉದ್ದ ಇರಬೇಕು ಅನ್ನುವುದಕ್ಕೆ ನನ್ನ ಅಳತೆ ಹೀಗಿದೆ: ಆಕಾಶದಿಂದ ಬರುವ ಎಲೆಕ್ಟ್ರಾನ್‌ಗಳ ಸಂಖ್ಯೆ ಕ್ಯಾಮೆರಾದ ರೀಡ್ ನಾಯ್ಸ್‌ನ (ಪ್ರತಿ ಫ್ರೇಮ್ ಓದುವಾಗ ಕ್ಯಾಮೆರಾ ತಾನೇ ಸೇರಿಸುವ ಗದ್ದಲ) ವರ್ಗದ ಹತ್ತು ಪಟ್ಟು ಆಗಬೇಕು. ರೀಡ್ ನಾಯ್ಸ್ 3 ಇದ್ದರೆ ಆಕಾಶ 90 ದಾಟಲಿ. ಮಹಡಿಯಲ್ಲಿ 30 ಸೆಕೆಂಡಿಗೇ ಅದು 500 ಆಗಿರುತ್ತದೆ, ಅಲ್ಲಿ ಉದ್ದ ಮಾಡಿ ಉಪಯೋಗವಿಲ್ಲ. ಕತ್ತಲೆಯ ಜಾಗದಲ್ಲಿ 90 ಸೆಕೆಂಡು ಬೇಕು. ಈ ಲೆಕ್ಕವೆಲ್ಲ ಬೇಡ ಅಂದರೆ ಕ್ಯಾಮೆರಾ ಸ್ಕ್ರೀನಿನಲ್ಲಿ ಹೊಳಪಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನೋಡಿ. ಗುಡ್ಡದ ತುದಿ ಎಡಗೋಡೆ ಬಿಟ್ಟು ಕಾಲು ಭಾಗದ ಹತ್ತಿರ ಬಂದಿದ್ದರೆ ಸಾಕು.

ಬೇಸಿಗೆ ರಾತ್ರಿಗಳ ದೊಡ್ಡ ಕಾಟ ಸೆಕೆ. ಸೆನ್ಸರ್ ಬಿಸಿಯಾದಂತೆ ಬೆಳಕಿಲ್ಲದೆಯೂ ಎಲೆಕ್ಟ್ರಾನ್ ಹುಟ್ಟುತ್ತವೆ. ಸುಮಾರು 6 ಡಿಗ್ರಿಗೊಮ್ಮೆ ಅವು ಇಮ್ಮಡಿಯಾಗುತ್ತವೆ. 10 ಡಿಗ್ರಿಯ ಚಳಿ ರಾತ್ರಿಗೂ 30 ಡಿಗ್ರಿಯ ರಾತ್ರಿಗೂ ಹತ್ತು ಪಟ್ಟು ವ್ಯತ್ಯಾಸ. ಚಳಿಗಾಲದಲ್ಲಿ ಸ್ವಚ್ಛವಾಗಿ ಬಂದ ಕ್ಯಾಮೆರಾ ಬೇಸಿಗೆಯಲ್ಲಿ ಬಣ್ಣದ ಚುಕ್ಕಿಗಳನ್ನು ಎರಚಿದರೆ ಕ್ಯಾಮೆರಾ ಕೆಟ್ಟಿದೆ ಅಂತ ಅಲ್ಲ. ಹಿಂದಿನ ಸ್ಕ್ರೀನ್ ತೆರೆಯುವಂಥದಾದರೆ ಹೊರಗೆ ಮಡಚಿಡಿ, ಬಿಸಿ ಹೊರಗೆ ಹೋಗಲಿ. ಫ್ರೇಮ್‌ಗಳ ನಡುವೆ 10 ಸೆಕೆಂಡು ಬಿಡುವು ಕೊಡಿ. ಫೋಕಸ್ ಆದ ಕೂಡಲೇ ಲೈವ್ ವ್ಯೂ ಆರಿಸಿ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಅಂತ ಮೆನುವಿನಲ್ಲಿ ಇರುತ್ತದೆ, ಅದನ್ನು ತಪ್ಪದೆ ಆಫ್ ಮಾಡಿ. ಇಲ್ಲದಿದ್ದರೆ ಪ್ರತಿ ಫ್ರೇಮ್ ಆದ ಮೇಲೂ ಅಷ್ಟೇ ಹೊತ್ತು ಮುಚ್ಚಿದ ಕಣ್ಣಲ್ಲಿ ಕೂತು ನಿಮ್ಮ ಅರ್ಧ ರಾತ್ರಿ ತಿಂದುಹಾಕುತ್ತದೆ. ಸೆನ್ಸರ್‌ನ ಈ ಬಿಸಿ ಗದ್ದಲವನ್ನಷ್ಟೇ ಹಿಡಿದು ಆಮೇಲೆ ಕಳೆಯಲು ಬೇಕಾದ ಡಾರ್ಕ್ ಫ್ರೇಮ್‌ಗಳನ್ನು ಕೊನೆಯಲ್ಲಿ, ಅದೇ ಜಾಗದಲ್ಲಿ, ಲೆನ್ಸ್ ಮುಚ್ಚಿ 20-30 ತೆಗೆಯಿರಿ. ಮನೆಗೆ ಬಂದು ಫ್ಯಾನ್ ಕೆಳಗೆ ತೆಗೆದರೆ ಉಷ್ಣತೆ ಬೇರೆಯಾಗಿ ಅವು ಕೆಲಸಕ್ಕೆ ಬರುವುದಿಲ್ಲ.

ಡಾರ್ಕ್‌ಗಿಂತಲೂ ನಾನು ನೆಚ್ಚುವುದು ಡಿದರಿಂಗ್ ಅನ್ನು. ಪ್ರತಿ ಹತ್ತು ಫ್ರೇಮ್‌ಗೊಮ್ಮೆ ಕ್ಯಾಮೆರಾವನ್ನು ಹತ್ತಿಪ್ಪತ್ತು ಪಿಕ್ಸೆಲ್‌ನಷ್ಟು ಒಂದೊಂದು ದಿಕ್ಕಿಗೆ ಸರಿಸುವುದು. ನಿಮ್ಮ ಸಣ್ಣ ಟ್ರ್ಯಾಕರ್‌ನಲ್ಲಿ ಕೈಯಿಂದಲೇ, ಬಾಲ್ ಹೆಡ್ ಅಥವಾ ಹೊಂದಾಣಿಕೆ ತಿರುಪನ್ನು ಸ್ವಲ್ಪ ಮುಟ್ಟಿದರೆ ಆಯಿತು. ಸೆನ್ಸರ್‌ನ ಕೆಟ್ಟ ಚುಕ್ಕಿಗಳು ಆಗ ನಕ್ಷತ್ರಗಳ ಲೆಕ್ಕದಲ್ಲಿ ಜಾಗ ಬದಲಿಸುತ್ತಾ ಹೋಗುತ್ತವೆ, ಸ್ಟ್ಯಾಕಿಂಗ್ ಅವುಗಳನ್ನು ಹೆಕ್ಕಿ ಬಿಸಾಡುತ್ತದೆ. ಇದನ್ನು ಮಾಡದಿದ್ದರೆ ಕಂಪ್ಯೂಟರಿನಲ್ಲಿ ಮಸುಕು ಭಾಗವನ್ನು ಎಳೆದು ಬೆಳಗಿಸಿದಾಗ ಓರೆ ಮಳೆ ಹೊಡೆದಂತೆ ಗೆರೆ ಗೆರೆ ಏಳುತ್ತದೆ. ಆ ಗೆರೆಗಳಿಗೆ ಆಮೇಲೆ ಔಷಧಿ ಇಲ್ಲ.

ಧ್ರುವದ ಹೊಂದಾಣಿಕೆ, ಅಂದರೆ ಟ್ರ್ಯಾಕರ್‌ನ ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿ ಹಿಡಿಯುವುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 5 ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಭಾಗ ಆರ್ಕ್‌ಮಿನಿಟ್, ಅದರ ಅರವತ್ತನೇ ಒಂದು ಭಾಗ ಆರ್ಕ್‌ಸೆಕೆಂಡು) ತಪ್ಪಿದ್ದರೂ ನಿಮಿಷಕ್ಕೆ ಸರಿಯುವುದು ಹೆಚ್ಚೆಂದರೆ 1.3 ಆರ್ಕ್‌ಸೆಕೆಂಡು. 135 ಮಿ.ಮೀ. ಲೆನ್ಸ್‌ನಲ್ಲಿ ನಿಮ್ಮ ಒಂದು ಪಿಕ್ಸೆಲ್ 6 ಆರ್ಕ್‌ಸೆಕೆಂಡಿನಷ್ಟು ಇರುತ್ತದೆ. ಎರಡು ನಿಮಿಷದ ಫ್ರೇಮ್‌ನಲ್ಲೂ ಅದು ಗೊತ್ತಾಗುವುದಿಲ್ಲ. ಧ್ರುವ ನಕ್ಷತ್ರ ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ದೂರದಲ್ಲಿದೆ ಅನ್ನುವುದು ನೆನಪಿರಲಿ. ಅದನ್ನೇ ನಟ್ಟನಡುವೆ ಇಟ್ಟರೆ ತಪ್ಪು.

ಫೋಕಸ್ ಮಾತ್ರ ಗಂಟೆಗೊಮ್ಮೆ ನೋಡಿ. ಅಭಿಜಿತ್ ಅಥವಾ ಡೆನೆಬ್‌ನಂಥ ಹೊಳೆಯುವ ನಕ್ಷತ್ರದ ಮೇಲೆ, ಬಹ್ತಿನೋವ್ ಮಾಸ್ಕ್ (ಫೋಕಸ್ ಸರಿಯಿದೆಯೇ ಅಂತ ತೋರಿಸಲು ಲೆನ್ಸ್ ಮುಂದೆ ಇಡುವ ಸೀಳುಗಳ ಮುಚ್ಚಳ) ಹಾಕಿ. ರಾತ್ರಿ ತಣಿಯುತ್ತಾ ಹೋದಂತೆ ಫೋಕಸ್ ತಾನಾಗಿ ಸರಿಯುತ್ತದೆ. ತೇವ ಇರುವ ಕಡೆ ಲೆನ್ಸ್‌ಗೆ ಹೀಟರ್ ಪಟ್ಟಿ ಸುತ್ತಿ. ಒಮ್ಮೆ ನಾನು ಪಟ್ಟಿ ಸುತ್ತಿ, ಪವರ್ ಬ್ಯಾಂಕ್‌ಗೆ ಸಿಕ್ಕಿಸುವುದನ್ನು ಮರೆತು ಮಲಗಿದೆ. ಬೆಳಗ್ಗೆ ನೋಡಿದರೆ ನಾಲ್ಕು ಗಂಟೆಯ ಫ್ರೇಮ್‌ಗಳಲ್ಲಿ ಮೊದಲ 40 ನಿಮಿಷ ಬಿಟ್ಟು ಉಳಿದದ್ದೆಲ್ಲ ಹಾಲಿನಲ್ಲಿ ಅದ್ದಿದಂತಿತ್ತು.

ಫ್ಲಾಟ್ ಫ್ರೇಮ್, ಅಂದರೆ ಒಂದೇ ಸಮನಾದ ಬಿಳಿ ಬೆಳಕಿನ ಫೋಟೋ ತೆಗೆದಿದ್ದೀರಾ? ನಿಮ್ಮ ಪ್ರಶ್ನೆಯಲ್ಲಿ ಅದರ ಸುದ್ದಿಯೇ ಇಲ್ಲ. ಮಸುಕು ನೀಹಾರಿಕೆಗೆ ಇದು ಬಿಡುವಂಥದ್ದಲ್ಲ. ಲೆನ್ಸ್ ಅಂಚಿನಲ್ಲಿ ಬೆಳಕು ಕಡಿಮೆ ಬೀಳುತ್ತದೆ, ಸೆನ್ಸರ್ ಮೇಲೆ ಧೂಳಿರುತ್ತದೆ. ಈ ಎರಡರ ನೆರಳು ನೀಹಾರಿಕೆಗಿಂತ ಹತ್ತು ಪಟ್ಟು ಬಲವಾಗಿರಬಹುದು. ಲೆನ್ಸ್ ಮುಂದೆ ಬಿಳಿ ಬಟ್ಟೆ ಬಿಗಿದು, ಟ್ಯಾಬ್ಲೆಟ್‌ನ ಬಿಳಿ ಸ್ಕ್ರೀನ್ ಹಿಡಿದು 25-30 ಫ್ರೇಮ್ ತೆಗೆದರೆ ಆಯಿತು. ಆದರೆ ಫೋಕಸ್, ಅಪರ್ಚರ್ ಯಾವುದನ್ನೂ ಮುಟ್ಟದೆ, ಲೆನ್ಸ್ ಬಿಚ್ಚದೆ ತೆಗೆಯಬೇಕು. ಒಂದು ಸಲ ನಾನು ಲೆನ್ಸ್ ಬಿಚ್ಚಿ ಒರೆಸಿ ಮತ್ತೆ ಹಾಕಿದ ಮೇಲೆ ಫ್ಲಾಟ್ ತೆಗೆದಿದ್ದೆ. ಅಂತಿಮ ಚಿತ್ರದಲ್ಲಿ ರಾಜಹಂಸದ ಸದ್ರ್ ನಕ್ಷತ್ರದ ಪಕ್ಕ ಚೆಂದದ ಒಂದು ಗುಳ್ಳೆ ಬಂತು. ರಾಜಹಂಸದಲ್ಲಿ 2008ರಲ್ಲಿ ಹವ್ಯಾಸಿಯೊಬ್ಬರು ಸೋಪ್ ಬಬಲ್ ನೀಹಾರಿಕೆಯನ್ನು ಕಂಡುಹಿಡಿದ ಕತೆ ತಲೆಯಲ್ಲಿತ್ತು. ನಾನೂ ಹೊಸದೇನೋ ಹಿಡಿದೆ ಅಂತ ಎರಡು ದಿನ ಬೀಗಿದೆ. ಅದು ಧೂಳಿನ ಕಣದ ನೆರಳು.

ಆ ಪಾಠದಿಂದ ಒಂದು ಅಭ್ಯಾಸ ಮಾಡಿಕೊಂಡೆ. ಎರಡನೇ ರಾತ್ರಿ ಕ್ಯಾಮೆರಾವನ್ನು 180 ಡಿಗ್ರಿ ತಿರುಗಿಸಿ, ತಲೆಕೆಳಗಾಗಿ ಹಿಡಿದು ತೆಗೆಯುತ್ತೇನೆ. ಚೌಕಟ್ಟು ಅದೇ ಇರುತ್ತದೆ. ಎರಡು ರಾತ್ರಿಯ ಸ್ಟ್ಯಾಕ್ ಬೇರೆ ಬೇರೆ ಮಾಡಿ, ನಕ್ಷತ್ರಗಳನ್ನು ಹೊಂದಿಸಿ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಆಕಾಶದಲ್ಲಿ ಇರುವುದು ಎರಡರಲ್ಲೂ ಒಂದೇ ಜಾಗದಲ್ಲಿ ಇರುತ್ತದೆ. ಸೆನ್ಸರ್‌ನದು, ಲೆನ್ಸ್‌ನದು ಎದುರು ಮೂಲೆಗೆ ಹೋಗಿರುತ್ತದೆ. ಎಂಥ ಮಸುಕು ಎಳೆಯಾದರೂ ಈ ಪರೀಕ್ಷೆ ದಾಟಿದರೆ ನಂಬಬಹುದು.

ಕಂಪ್ಯೂಟರ್ ಕೆಲಸದಲ್ಲಿ ನಿಮ್ಮ ಕಂದು ಹಿನ್ನೆಲೆಗೆ ಉತ್ತರ ಇದೆ. ಅದು ಊರಿನ ಬೆಳಕು, ಕಳೆಯಬೇಕು. ಅದಕ್ಕೆ ಸಿರಿಲ್ ಅಥವಾ ಗ್ರಾಕ್ಸ್‌ಪರ್ಟ್ ತಂತ್ರಾಂಶ ಸಾಕು, ಎರಡೂ ಉಚಿತವಾಗಿ ಸಿಗುತ್ತವೆ. ಸ್ಟ್ರೆಚ್ ಮಾಡುವ, ಅಂದರೆ ಮಸುಕು ಭಾಗವನ್ನು ಎಳೆದು ಬೆಳಗಿಸುವ ಮುಂಚೆಯೇ ಹಿನ್ನೆಲೆ ತೆಗೆಯಿರಿ. ಇಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ. ತಂತ್ರಾಂಶ ಚೌಕಟ್ಟಿನ ತುಂಬ ಚುಕ್ಕಿ ಇಟ್ಟು ಅವುಗಳನ್ನು ಹಿನ್ನೆಲೆ ಅಂತ ತಿಳಿಯುತ್ತದೆ. ನೀಹಾರಿಕೆಯ ಮೇಲೂ ಚುಕ್ಕಿ ಇಟ್ಟರೆ ನೀಹಾರಿಕೆಯನ್ನೇ ಕಳೆದುಬಿಡುತ್ತದೆ. ರಾಜಹಂಸದಲ್ಲಿ ಅನಿಲ ಇಲ್ಲದ ಜಾಗವೇ ಕಡಿಮೆ. ಕೈಯಿಂದಲೇ ಎಂಟು ಹತ್ತು ಚುಕ್ಕಿ ಕಪ್ಪು ಭಾಗಗಳಲ್ಲಿ ಇಡಿ, ತೀರಾ ಸರಳವಾದ ಓರೆಯನ್ನು ಮಾತ್ರ ಕಳೆಯಲು ಹೇಳಿ. ಸ್ಟ್ರೆಚ್ ಮಾಡುವಾಗ ಹಿನ್ನೆಲೆಯನ್ನು ಪೂರ್ತಿ ಕಪ್ಪು ಮಾಡುವ ಆಸೆ ಬರುತ್ತದೆ. ಮಾಡಬೇಡಿ. ಮಸುಕು ಬೆಳಕೆಲ್ಲ ಇರುವುದು ಆ ಬೂದು ಬಣ್ಣದಲ್ಲೇ.

ಬಣ್ಣ ನಿಜವೇ? ಕೆಂಪು ನಿಜ, ಹೈಡ್ರೋಜನ್ ಅಲ್ಲಿಂದ ಕೆಂಪನ್ನೇ ಸೂಸುತ್ತಿದೆ. ಕತ್ತಲೆಯಲ್ಲಿ ನಮ್ಮ ಕಣ್ಣಿಗೆ ಕೆಂಪು ಕಾಣುವ ಶಕ್ತಿ ಇಲ್ಲ, ಅಷ್ಟೇ. ನೀಹಾರಿಕೆಯ ಪಕ್ಕಕ್ಕೇ ಹೋಗಿ ನಿಂತರೂ ಅದು ಇಷ್ಟು ಹೊಳೆಯುವುದಿಲ್ಲ. ಹೊನ್ನಿನ ಬಣ್ಣ, ನೀಲಿ ಬಣ್ಣದಲ್ಲಿ ಕಾಣುವ ಚಿತ್ರಗಳು ಬೇರೆ ಬಗೆ. ಅಲ್ಲಿ ಗಂಧಕದ ಬೆಳಕಿಗೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಕ್ಸಿಜನ್‌ಗೆ ನೀಲಿ ಅಂತ ಬೇಕೆಂದೇ ಹಂಚಿರುತ್ತಾರೆ. 1995ರಲ್ಲಿ ಹಬಲ್ ತೆಗೆದ ಈಗಲ್ ನೀಹಾರಿಕೆಯ ಕಂಬಗಳ ಚಿತ್ರದಿಂದ ಆ ಪದ್ಧತಿ ಮನೆಮಾತಾಯಿತು. ಅದು ಸುಳ್ಳಲ್ಲ, ಯಾವ ಅನಿಲ ಎಲ್ಲಿದೆ ಅಂತ ತೋರಿಸುವ ನಕ್ಷೆ. ನನಗೆ ಮಾತ್ರ ಕೆಂಪೇ ಇಷ್ಟ.

ನಿಮ್ಮ ಆ 60 ಫ್ರೇಮ್‌ಗಳನ್ನು ಅಳಿಸಬೇಡಿ. ಕ್ಯಾಮೆರಾ ಹೇಗೆ ಹಿಡಿದಿದ್ದಿರಿ ಅಂತ ನೋಡಿಕೊಂಡು, ಮುಂದಿನ ಅಮಾವಾಸ್ಯೆಗೆ ಅದನ್ನು ತಲೆಕೆಳಗು ಮಾಡಿ, ಐಎಸ್‌ಒ 1600ರಲ್ಲಿ ಮೂರು ಗಂಟೆ ತೆಗೆಯಿರಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಆ ಖಂಡದ ಆಕಾರದಲ್ಲಿ ಮೆಕ್ಸಿಕೋ ಕೊಲ್ಲಿಯಂತೆ ಕಾಣುವ ಕಡೆಯ ಅಂಚು ಹುಡುಕಿ. ನೀಹಾರಿಕೆಯ ಆ ಭಾಗವೇ ಅತಿ ಗಟ್ಟಿ, ಮೊದಲು ಕಾಣಿಸಿಕೊಳ್ಳುವುದೂ ಅದೇ.